ಒಕ್ಕಲಿನ ಊಟಕ್ಕೆ ಮೊದಲು ಹಕ್ಕುದಾರರ ಲೆಕ್ಕ

ಪಟ್ಟಣದ ಮಧ್ಯಮ ವರ್ಗದ ಮುಸ್ಲಿಮ್ ಕುಟುಂಬವೊಂದು ಸ್ವಂತ ಮನೆ ಖರೀದಿಸುವುದೆಂದರೆ ಅದೇನೂ ಸಣ್ಣ ಸಂಗತಿಯಲ್ಲ. ಕೊಲ್ಲಿ ರಾಷ್ಟ್ರದ ಬಿಸಿಲಿನಲ್ಲಿ ಹತ್ತು ಹದಿನೈದು ವರ್ಷ ಸುರಿಸಿದ ಬೆವರು, ತಾಯಿಯ ಬಳೆ, ಪತ್ನಿಯ ಸರ, ಅಣ್ಣನ ಕೈಸಾಲ, ಹಿರಿಯರ ಮನೆ ಮಾರಿ ಬಂದ ಪಾಲು- ಇವೆಲ್ಲವೂ ಆ ನಾಲ್ಕು ಗೋಡೆಗಳೊಳಗೆ ಸೇರಿರುತ್ತವೆ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಗಂಟುಮೂಟೆ ಹೊತ್ತು ತಿರುಗಿದ ಕುಟುಂಬ ತನ್ನದೇ ಹೊಸ್ತಿಲು ದಾಟುವ ದಿನ ಸಂತೋಷ ಪಡುವುದನ್ನು ಆಕ್ಷೇಪಿಸುವ ಉದ್ದೇಶ ನಮಗಿಲ್ಲ. ನಮ್ಮ ಆಕ್ಷೇಪವಿರುವುದು ಆ ದಿನಕ್ಕಾಗಿ ನಡೆಯುವ ಸಿದ್ಧತೆಯ ಬಗ್ಗೆ.

ಇಂದು ಹೊಸ ಮನೆಗೆ ಹೋಗುವ ಸಿದ್ಧತೆ ಎಂದರೇನು? ಶಾಮಿಯಾನ ಹಾಕುವವನಿಗೆ ಎರಡು ತಿಂಗಳ ಮೊದಲೇ ಮುಂಗಡ. ಬಿರಿಯಾನಿಗೆ ಯಾವ ಬಾಣಸಿಗ, ಎಷ್ಟು ಕ್ವಿಂಟಾಲ್ ಮಾಂಸ ಎಂಬ ಚರ್ಚೆ. ಆಮಂತ್ರಣ ಪತ್ರದ ವಿನ್ಯಾಸಕ್ಕೆ ಮೂರು ಬಾರಿ ಮುದ್ರಣಾಲಯಕ್ಕೆ ಓಡಾಟ. ದೀಪಾಲಂಕಾರ, ವೀಡಿಯೊ, ಹೊಸ ಸೋಫಾ, ಹೊಸ ಪರದೆ. ಅತಿಥಿಗಳ ಪಟ್ಟಿಯಂತೂ ಮದುವೆಯನ್ನೇ ನಾಚಿಸುತ್ತದೆ. ಆದರೆ ಅದೇ ಮನೆಯ ಯಜಮಾನರಲ್ಲಿ, 'ಋಣಭಾರ ಪತ್ರ ತೆಗೆಸಿದ್ದೀರಾ? ಮಾರಿದವನ ಸಹೋದರಿಯರು ಕ್ರಯಪತ್ರಕ್ಕೆ ಸಹಿ ಹಾಕಿದ್ದಾರೆಯೇ?' ಎಂದು ಕೇಳಿ ನೋಡಿ. 'ಅದನ್ನೆಲ್ಲ ಬ್ರೋಕರ್ ನೋಡಿಕೊಂಡಿದ್ದಾನೆ' ಎಂಬ ಉತ್ತರ ಸಿದ್ಧವಿರುತ್ತದೆ. ಒಂದು ಮಧ್ಯಾಹ್ನದ ಊಟಕ್ಕೆ ಎರಡು ತಿಂಗಳ ಯೋಜನೆ; ಮೂರು ತಲೆಮಾರು ಬಾಳಬೇಕಾದ ಮನೆಯ ದಾಖಲೆಗೆ ಎರಡು ಗಂಟೆಯ ವ್ಯವಧಾನವೂ ಇಲ್ಲ. ಇದೇ ನಮ್ಮ ಇಂದಿನ ಸ್ಥಿತಿ.

ಕೆಲವರು ಕೇಳಬಹುದು: ಹೊಸ ಮನೆಯ ಔತಣಕ್ಕೆ ಧರ್ಮದಲ್ಲಿ ಆಧಾರವಿಲ್ಲವೇ? ಇದೆ. ಮನೆ ಕಟ್ಟಿದ ಸಂತೋಷಕ್ಕೆ ನೀಡುವ ಊಟಕ್ಕೆ ಫಿಕ್ಹ್ ಗ್ರಂಥಗಳಲ್ಲಿ 'ವಕೀರಾ' ಎಂಬ ಹೆಸರೇ ಇದೆ. ಅಲ್ಲಾಹನ ಅನುಗ್ರಹಕ್ಕೆ ಕೃತಜ್ಞತೆಯಾಗಿ ಬಂಧುಗಳಿಗೂ ಬಡವರಿಗೂ ಉಣಿಸುವುದು ಪುಣ್ಯದ ಕಾರ್ಯವೇ. ಆದರೆ ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟುಬಿಡುವ ಔತಣದ ಊಟವನ್ನು ಅತ್ಯಂತ ಕೆಟ್ಟ ಊಟವೆಂದು ಬಣ್ಣಿಸಿರುವುದೂ ಹದೀಸ್ ಗ್ರಂಥಗಳಲ್ಲೇ ಇದೆ. ದುಂದುಗಾರರನ್ನು ಶೈತಾನನ ಸಹೋದರರೆಂದು ಕರೆದ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯವನ್ನು ಅದೇ ಶಾಮಿಯಾನದಡಿ ಓದಿಸಿ, ಬಳಿಕ ಅರ್ಧ ತಿಂದ ತಟ್ಟೆಗಳನ್ನು ರಾಶಿ ಹಾಕುವುದು ಯಾವ ಸೀಮೆಯ ಕೃತಜ್ಞತೆ?

ಹೊಸ ನೆಲೆಗೆ ಕಾಲಿಡುವವನ ಮೊದಲ ಕರ್ತವ್ಯವೇನು ಎಂಬುದಕ್ಕೆ ನಮ್ಮ ಮುಂದೆ ಮಾದರಿಯೊಂದಿದೆ. ಕ್ರಿ.ಶ. 622ರಲ್ಲಿ ಪ್ರವಾದಿವರ್ಯರು(ಸ) ಮಕ್ಕಾ ತೊರೆದು ಮದೀನಾ ತಲುಪಿದಾಗ ಅವರಿಗೆ ಅಲ್ಲಿ ಸ್ವಂತ ಮನೆ ಇರಲಿಲ್ಲ. ಅಬೂ ಅಯ್ಯೂಬ್ ಅನ್ಸಾರಿ(ರ) ಅವರ ಮನೆಯಲ್ಲಿ ತಿಂಗಳುಗಟ್ಟಲೆ ತಂಗಿದರು. ಮಸೀದಿಗೂ ಅದಕ್ಕೆ ತಾಗಿದ ತಮ್ಮ ಕುಟುಂಬದ ಕೋಣೆಗಳಿಗೂ ಆಯ್ಕೆಯಾದ ಜಾಗ ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಬಾಲಕರದಾಗಿತ್ತು. ಆ ಬಾಲಕರು ಜಾಗವನ್ನು ಉಚಿತವಾಗಿಯೇ ಕೊಡಲು ಮುಂದಾದರು. ಪ್ರವಾದಿವರ್ಯರು(ಸ) ಒಪ್ಪಲಿಲ್ಲ. ಬೆಲೆ ಕೊಟ್ಟು ಖರೀದಿಸಿದ ಮೇಲೆಯೇ ಇಟ್ಟಿಗೆ ಇಡಲಾಯಿತು. ಆ ಕೋಣೆಗಳಾದರೋ ಹಸಿ ಇಟ್ಟಿಗೆ ಮತ್ತು ಖರ್ಜೂರದ ಗರಿಗಳವು. ಅಂದರೆ ಹೊಸ ನೆಲೆಯ ಸಿದ್ಧತೆ ಆರಂಭವಾದದ್ದು ಅಲಂಕಾರದಿಂದಲ್ಲ, ಹಕ್ಕುದಾರನ ಹಕ್ಕನ್ನು ಇತ್ಯರ್ಥಪಡಿಸುವುದರಿಂದ. ನಾವು ಹೇಳಬೇಕೆಂದಿರುವುದು ಇದನ್ನೇ. ಹೊಸ ಮನೆಯ ಬಾಗಿಲಲ್ಲಿ ಅತಿಥಿಗಳಿಗಿಂತ ಮೊದಲು ಹಕ್ಕುದಾರರು ನಿಂತಿರುತ್ತಾರೆ. ಅವರ ಲೆಕ್ಕ ಮುಗಿಯದೆ ಆ ಮನೆ ನಮ್ಮದಾಗುವುದಿಲ್ಲ.

ಮೊದಲ ಹಕ್ಕುದಾರ, ಮಾರಿದವನ ಕುಟುಂಬ. ನಮ್ಮ ಪಟ್ಟಣಗಳಲ್ಲಿ ಮಾರಾಟವಾಗುವ ಹಳೆಯ ಮನೆಗಳಲ್ಲಿ ಅನೇಕವು ತಂದೆಯ ಮರಣಾನಂತರ ಮಕ್ಕಳಿಗೆ ಬಂದವು. ಖಾತೆ ಹಿರಿಯ ಮಗನ ಹೆಸರಿಗೆ ಬದಲಾಗಿರುತ್ತದೆ, ಆತನೇ ಮಾರುತ್ತಾನೆ. ಆದರೆ ಖಾತೆ ತೆರಿಗೆಗೆ ಸಂಬಂಧಿಸಿದ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ಆ ಮನೆಯಲ್ಲಿ ವಿಧವೆ ತಾಯಿಗೆ ಎಂಟನೆಯ ಒಂದು ಪಾಲು, ಪ್ರತಿಯೊಬ್ಬ ಸಹೋದರಿಗೂ ಸಹೋದರನ ಅರ್ಧದಷ್ಟು ಪಾಲು ಅಲ್ಲಾಹನೇ ನಿಗದಿಪಡಿಸಿದ್ದು. ಅವರ ಸಹಿಯಿಲ್ಲದೆ ಕೊಂಡವನು ಅವರ ಪಾಲನ್ನು ಕೊಂಡಂತಾಗುವುದಿಲ್ಲ. ನಾಳೆ ಅವರು ನ್ಯಾಯಾಲಯಕ್ಕೆ ಹೋದರೆ ಕಾನೂನೂ ಅವರ ಪರವಾಗಿರಬಹುದು. ಹೋಗದಿದ್ದರೆ ಆ ಮೌನದ ಭಾರ ಕೊಂಡವನ ಕೊರಳಿಗೆ. ಮೂಲ ಪತ್ರ, ಕನಿಷ್ಠ ಮೂವತ್ತು ವರ್ಷಗಳ ಋಣಭಾರ ಪತ್ರ, ವಂಶವೃಕ್ಷ, ಭೂಪರಿವರ್ತನೆಯ ಆದೇಶ, ಇ-ಖಾತಾ, ಮನೆ ತೆರಿಗೆಯ ರಶೀದಿಗಳನ್ನು ನಂಬಿಕಸ್ಥ ವಕೀಲರೊಬ್ಬರಿಗೆ ತೋರಿಸುವುದಕ್ಕೆ ತಗಲುವ ವೆಚ್ಚ ಶಾಮಿಯಾನದ ಬಾಡಿಗೆಗಿಂತ ಹೆಚ್ಚೇನೂ ಅಲ್ಲ.

ಇನ್ನೊಂದು ರೋಗವಿದೆ. ಛಾಪಾ ಕಾಗದದ ಮೇಲೆ ಕರಾರು ಬರೆದು, ಅಧಿಕಾರ ಪತ್ರ ಪಡೆದು, 'ನೋಂದಣಿ ಮತ್ತೆ ಮಾಡಿಸಿದರಾಯಿತು' ಎಂದು ವರ್ಷಗಟ್ಟಲೆ ಸುಮ್ಮನಿರುವವರು. 1908ರ ನೋಂದಣಿ ಕಾಯ್ದೆಯ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಣಿ ಕಡ್ಡಾಯ. ಅಧಿಕಾರ ಪತ್ರದ ಮೂಲಕ ನಡೆಯುವ ಇಂತಹ 'ಮಾರಾಟ'ದಿಂದ ಒಡೆತನ ವರ್ಗಾವಣೆಯಾಗದು ಎಂದು ಸುಪ್ರೀಮ್ ಕೋರ್ಟು 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದರೂ ನಮ್ಮವರಿಗೆ ಎಚ್ಚರವಿಲ್ಲ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದ ಮೇಲಂತೂ ಪತ್ರದಲ್ಲಿ ಕಡಿಮೆ ಬೆಲೆ ನಮೂದಿಸುವ ಚಪಲ ಇನ್ನಷ್ಟು ಹೆಚ್ಚೀತು. ಇದು ಸಾಕ್ಷಿಗಳನ್ನು ನಿಲ್ಲಿಸಿ ಲಿಖಿತವಾಗಿ ನುಡಿಯುವ ಸುಳ್ಳು. ವ್ಯವಹಾರ ಮುರಿದು ಬಿದ್ದರೆ ಹಣ ವಾಪಸು ಕೇಳಲು ಉಳಿಯುವುದೂ ಪತ್ರದಲ್ಲಿ ಕಂಡ ಮೊತ್ತ ಮಾತ್ರ. ಸುಳ್ಳಿನ ಶಿಕ್ಷೆ ಪರಲೋಕದವರೆಗೆ ಕಾಯುವುದಿಲ್ಲ!

ಎರಡನೆಯ ಹಕ್ಕುದಾರ, ಸಾಲ ಕೊಟ್ಟವನು. ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದೆಂದು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಅಲ್‌ಬಕರ ಅಧ್ಯಾಯದ 282ನೆಯ ಸೂಕ್ತವದು. ಅದರ ವಿಷಯ ನಮಾಝ್ ಅಲ್ಲ, ಉಪವಾಸವಲ್ಲ; ಸಾಲದ ದಸ್ತಾವೇಜು! ಅವಧಿ ನಿಗದಿಪಡಿಸಿದ ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯಯುತವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದೆಂದು ಬರೆಯಲು ಬೇಸರಪಡಬಾರದು ಎಂಬುದು ಅದರ ಸಾರ. ಈ ಸೂಕ್ತವನ್ನು ರಮಝಾನಿನಲ್ಲಿ ಭಕ್ತಿಯಿಂದ ಓದುವವರು ಭಾವನಿಂದ ಐದು ಲಕ್ಷ ಪಡೆಯುವಾಗ ಒಂದು ತುಂಡು ಕಾಗದವನ್ನೂ ಬರೆಯುವುದಿಲ್ಲ. 'ನಮ್ಮೊಳಗೆ ಕಾಗದ ಯಾಕೆ?' ಎಂಬ ಸೌಜನ್ಯ ಮೂರು ವರ್ಷಗಳಲ್ಲಿ ಜಗಳವಾಗಿ, ಐದನೆಯ ವರ್ಷಕ್ಕೆ ಎರಡು ಮನೆಗಳ ನಡುವೆ ಸಲಾಮ್ ನಿಂತುಹೋಗುತ್ತದೆ. ಸಾಲ ಉಳಿಸಿ ಮೃತಪಟ್ಟವರ ಜನಾಝಾ ನಮಾಝಿನ ನೇತೃತ್ವ ವಹಿಸಲು ಪ್ರವಾದಿವರ್ಯರು(ಸ) ಹಿಂಜರಿದು, ಅಬೂ ಕತಾದ(ರ) ಆ ಸಾಲದ ಹೊಣೆ ಹೊತ್ತ ಬಳಿಕವೇ ನಿಂತರೆಂಬುದನ್ನು ಎಷ್ಟು ಮಂದಿ ನೆನಪಿಟ್ಟಿದ್ದಾರೆ?

ಬಡ್ಡಿಯ ವಿಷಯದಲ್ಲಂತೂ ನಮ್ಮ ಸಮುದಾಯದ ಇಬ್ಬಂದಿತನ ಮೇರೆ ಮೀರಿದೆ. ಮನೆ ಕೊಳ್ಳುವಾಗ ಬ್ಯಾಂಕ್ ಸಾಲ ಬೇಡವೆಂದು ದೃಢವಾಗಿ ನಿಂತು, ಅದಕ್ಕಾಗಿ ಹತ್ತು ವರ್ಷ ಹೆಚ್ಚು ದುಡಿದವರಿದ್ದಾರೆ. ಅವರ ಬಗ್ಗೆ ನಮಗೆ ಅಪಾರ ಗೌರವವಿದೆ. ಆದರೆ ಅವರಲ್ಲೇ ಕೆಲವರು ಒಕ್ಕಲಿನ ಊಟಕ್ಕೆ ಹಣ ಸಾಲದೆ ಪತ್ನಿಯ ಚಿನ್ನವನ್ನು ಬಡ್ಡಿಗೆ ಅಡವಿಡುವುದನ್ನು ಏನೆನ್ನಬೇಕು? ಗೋಡೆಗೆ ನಿಷಿದ್ಧವಾದ ಬಡ್ಡಿ ಬಿರಿಯಾನಿಗೆ ಸಮ್ಮತವಾಯಿತೇ? ದೇಶದಲ್ಲಿ ಬಡ್ಡಿರಹಿತ ಬ್ಯಾಂಕಿಂಗ್‌ನ ಪ್ರಸ್ತಾಪವನ್ನು ಮುಂದುವರಿಸದಿರಲು ರಿಸರ್ವ್ ಬ್ಯಾಂಕ್ ತೀರ್ಮಾನಿಸಿರುವುದು 2017ರಲ್ಲಿ ಬಹಿರಂಗವಾಯಿತು. ಈ ಕೊರತೆಯನ್ನೇ ಬಂಡವಾಳ ಮಾಡಿಕೊಂಡವರು 'ಹಲಾಲ್' ಎಂಬ ಹಣೆಪಟ್ಟಿ ಹಚ್ಚಿ ಬಂದರು. 2019ರ ಜೂನ್‌ನಲ್ಲಿ ಬೆಂಗಳೂರಿನ ಐ.ಎಂ.ಎ. ಕುಸಿದಾಗ ಸಾವಿರಾರು ಮುಸ್ಲಿಮ್ ಕುಟುಂಬಗಳ ಉಳಿತಾಯ ಮುಳುಗಿತು. ಮನೆಗೆಂದು, ಮಗಳ ಮದುವೆಗೆಂದು ಕೂಡಿಟ್ಟ ಹಣವದು. ಗಡ್ಡ ಮತ್ತು ಘೋಷಣೆಗಳನ್ನು ನೋಡಿದವರು ಲೆಕ್ಕಪತ್ರ ನೋಡಲಿಲ್ಲ. ದಾಖಲೆ ಓದದ ಸಮುದಾಯವನ್ನು ವಂಚಿಸಲು ಹೊರಗಿನವರೇ ಬರಬೇಕಾಗಿಲ್ಲ.

ಮೂರನೆಯ ಹಕ್ಕುದಾರರು ಮನೆಯೊಳಗೇ ಇದ್ದಾರೆ. ಮನೆಯ ಹಣದಲ್ಲಿ ಪತ್ನಿಯ ಮಹ್ರ್ ಮತ್ತು ಆಭರಣದ ಪಾಲೆಷ್ಟು ಎಂದು ಪ್ರತಿಯೊಬ್ಬ ಪತಿಯೂ ಎದೆ ಮುಟ್ಟಿ ಲೆಕ್ಕ ಹಾಕಲಿ. ಮಹ್ರ್ ಸ್ತ್ರೀಯ ಸ್ವಂತ ಸೊತ್ತು. ಆಕೆ ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ಪತಿ ಅದನ್ನು ಅನುಭವಿಸಬಹುದೆಂಬುದು ಅನ್ನಿಸಾ ಅಧ್ಯಾಯದ ಆರಂಭದಲ್ಲೇ ಇರುವ ಆದೇಶ. ಆದರೆ ನಮ್ಮಲ್ಲಿ ಆಕೆಯ ಚಿನ್ನ ಗೋಡೆಯಾಗುತ್ತದೆ, ಕ್ರಯಪತ್ರದಲ್ಲಿ ಗಂಡನ ಹೆಸರು ಮಾತ್ರ ಇರುತ್ತದೆ. ಮುಂದೊಂದು ದಿನ ಆತ ಅಕಾಲಿಕವಾಗಿ ತೀರಿಕೊಂಡರೆ, ಮಕ್ಕಳಿರುವ ಆ ವಿಧವೆಗೆ ಸಿಗುವುದು ಎಂಟನೆಯ ಒಂದು ಪಾಲು. ತನ್ನದೇ ಚಿನ್ನದಿಂದ ಕೊಂಡ ಮನೆಯಲ್ಲಿ! ಆಗ ಶರೀಅತ್ತಿನ ಕಾನೂನು ಸ್ತ್ರೀಗೆ ಅನ್ಯಾಯ ಮಾಡಿತೆಂದು ಹೊರಗಿನವರು ಕೂಗುತ್ತಾರೆ, ಒಳಗಿನವರು ಕೆರಳುತ್ತಾರೆ. ಅನ್ಯಾಯ ಮಾಡಿದ್ದು ಶರೀಅತ್ ಅಲ್ಲ. ಆಕೆಯ ಸೊತ್ತನ್ನು ಆಕೆಯ ಹೆಸರಿನಲ್ಲಿ ದಾಖಲಿಸದೆ ಪತಿಯ ಸೊತ್ತಿನೊಳಗೆ ಬೆರೆಸಿದ ನಮ್ಮ ರೂಢಿ. ಹಣ ಯಾರದೋ ಹೆಸರು ಅವರದಿರಲಿ; ಇಬ್ಬರದೂ ಇದ್ದರೆ ಇಬ್ಬರ ಹೆಸರೂ ಇರಲಿ, ಯಾರ ಪಾಲೆಷ್ಟು ಎಂಬುದೂ ಪತ್ರದಲ್ಲಿ ನಮೂದಾಗಲಿ. ಇದಕ್ಕೆ ಹೊಸ ಶಾಸನ ಬೇಕಿಲ್ಲ, ಹೊಸ ಫತ್ವಾವೂ ಬೇಕಿಲ್ಲ.

ಇಷ್ಟಕ್ಕೇ ಮುಗಿಯುವುದಿಲ್ಲ. ಹೊಸ ಮನೆಗೆ ಫ್ರಿಜ್, ವಾಷಿಂಗ್ ಮೆಶಿನ್, ಮಂಚ, ಕಪಾಟುಗಳನ್ನು ಪತ್ನಿಯ ತವರಿನವರು ತರಬೇಕೆಂಬ ಅಲಿಖಿತ ಕಾನೂನೊಂದು ಕೆಲವೆಡೆ ಬೆಳೆದಿದೆ. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ತರದಿದ್ದರೆ ಅತ್ತೆಯ ಮುಖ ಬಾಡುತ್ತದೆ. ವರದಕ್ಷಿಣೆಯ ವಿರುದ್ಧ ಭಾಷಣ ಕೇಳಿ ತಲೆದೂಗಿದ ಸಮುದಾಯ ಅದನ್ನೇ ಹಿತ್ತಲ ಬಾಗಿಲಿನಿಂದ 'ಉಡುಗೊರೆ'ಯ ಹೆಸರಿನಲ್ಲಿ ಬರಮಾಡಿಕೊಂಡಿದೆ. ಮದುವೆಯ ಸಾಲವನ್ನೇ ಇನ್ನೂ ತೀರಿಸದ ತಂದೆ ಮಗಳ ಹೊಸ ಮನೆಯ ಸುದ್ದಿ ಕೇಳಿ ಹಿಗ್ಗುವ ಬದಲು ಬೆದರುವಂತಾದರೆ, ಆ ಮನೆಯಲ್ಲಿ ಬರಕತ್ ಎಲ್ಲಿಂದ ಬರಬೇಕು?

ನಾಲ್ಕನೆಯ ಹಕ್ಕುದಾರ, ದುಡಿದವನು. ಬಣ್ಣ ಬಳಿದವನು, ಕಿಟಕಿ ಬಾಗಿಲು ಸರಿಪಡಿಸಿದ ಬಡಗಿ, ತಂತಿ ಎಳೆದವನು, ನೀರಿನ ಟಾಂಕಿ ತೊಳೆದವನು, ಸಾಮಾನು ಹೊತ್ತವನು. ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬುದು ಪ್ರವಾದಿ ವಚನದ ಆಶಯವಾದರೆ, ನಮ್ಮಲ್ಲಿ 'ಒಕ್ಕಲು ಮುಗಿಯಲಿ ಮಾರಾಯ, ಆಮೇಲೆ ನೋಡುವ' ಎಂಬ ಮಾತು ಸಲೀಸಾಗಿ ಬರುತ್ತದೆ. ಊಟಕ್ಕೆ ಬಂದ ಆತ ಬಿರಿಯಾನಿ ತಿಂದು, ಬಾಕಿ ಕೇಳಲು ನಾಚಿ ಹಿಂದಿರುಗುತ್ತಾನೆ. ಆತನ ಮನೆಯಲ್ಲೂ ಒಲೆ ಇದೆ ಎಂಬುದು ಯಜಮಾನನಿಗೆ ಮರೆತುಹೋಗಿರುತ್ತದೆ.

ಐದನೆಯ ಹಕ್ಕುದಾರ, ನೆರೆಯವನು. ಜಿಬ್ರೀಲ್(ಅ) ನೆರೆಯವನ ಬಗ್ಗೆ ಎಷ್ಟು ಒತ್ತಿ ಉಪದೇಶಿಸಿದರೆಂದರೆ, ಆತನನ್ನು ವಾರಸುದಾರನನ್ನಾಗಿಯೇ ಮಾಡಿಬಿಡುವರೇನೋ ಎಂದು ಪ್ರವಾದಿವರ್ಯರಿಗೆ(ಸ) ಅನ್ನಿಸಿತೆಂಬ ಹದೀಸ್ ಸುಪ್ರಸಿದ್ಧ. ಆ ನೆರೆಯವನು ಮುಸ್ಲಿಮನೇ ಆಗಿರಬೇಕೆಂಬ ಷರತ್ತು ಅಲ್ಲಿಲ್ಲ. ಇಲ್ಲಿ ನಮ್ಮ ಮುಂದೆ ಕಠೋರ ವಾಸ್ತವವೊಂದಿದೆ ಎಂಬುದನ್ನು ನಾವು ಮರೆಮಾಚುವುದಿಲ್ಲ. ಮುಸ್ಲಿಮರಿಗೆ ಮನೆ ಬಾಡಿಗೆಗೆ ಪಡೆಯುವುದಕ್ಕೂ ಖರೀದಿಸುವುದಕ್ಕೂ ಎದುರಾಗುವ ಅಡಚಣೆಯನ್ನು ಸಾಚಾರ್ ಸಮಿತಿ 2006ರಲ್ಲೇ ದಾಖಲಿಸಿತ್ತು. ಮುಸ್ಲಿಮರು ಹೆಚ್ಚಾಗಿರುವ ಪ್ರದೇಶಗಳನ್ನು ಕೆಲವು ಬ್ಯಾಂಕುಗಳು ಸಾಲ ನೀಡಲು ಯೋಗ್ಯವಲ್ಲದ ವಲಯಗಳೆಂದು ಗುರುತಿಸಿರುವುದನ್ನೂ ಅದು ಬೆಳಕಿಗೆ ತಂದಿತ್ತು. ಒಂದು ಸಮುದಾಯದವರಿಗೆ ಮಾತ್ರ ಸದಸ್ಯತ್ವ ಎಂಬ ಗೃಹ ನಿರ್ಮಾಣ ಸಹಕಾರ ಸಂಘದ ಉಪನಿಯಮವನ್ನು ಸುಪ್ರೀಮ್ ಕೋರ್ಟು 2005ರಲ್ಲಿ ಎತ್ತಿಹಿಡಿಯಿತು; ಆ ಪ್ರಕರಣ ಪಾರ್ಸಿಗಳ ಸಂಘದ್ದಾಗಿತ್ತು. ಗುಜರಾತಿನಲ್ಲಿ 1991ರ ಪ್ರಕ್ಷುಬ್ಧ ಪ್ರದೇಶಗಳ ಕಾಯ್ದೆಯಡಿ ಗುರುತಿಸಿದ ಬಡಾವಣೆಗಳಲ್ಲಿ ಜಿಲ್ಲಾಧಿಕಾರಿಯ ಪೂರ್ವಾನುಮತಿಯಿಲ್ಲದೆ ಮನೆ ಮಾರುವಂತಿಲ್ಲ. ಅದೇ ರಾಜ್ಯದ ವಡೋದರದಲ್ಲಿ 2017ರಲ್ಲಿ ಸರಕಾರಿ ವಸತಿ ಯೋಜನೆಯಡಿ ಫ್ಲ್ಯಾಟ್ ಪಡೆದ ಮುಸ್ಲಿಮ್ ಮಹಿಳೆಯೊಬ್ಬರ ವಿರುದ್ಧ 2024ರಲ್ಲೂ ಅಲ್ಲಿನ ನಿವಾಸಿಗಳು ಪ್ರತಿಭಟನೆ ನಡೆಸಿದರು. ಸರಕಾರ ಕೊಟ್ಟ ಮನೆಯ ಕೀಲಿಕೈ ಇದ್ದೂ ವಾಸಿಸಲಾಗದ ಸ್ಥಿತಿ ಆಕೆಯದಾಯಿತು. ಹೆಸರು ಕೇಳಿದೊಡನೆ 'ಮನೆ ಮಾರಿಹೋಯಿತು' ಎನ್ನುವ ದಲ್ಲಾಳಿಗಳು ನಮ್ಮ ರಾಜ್ಯದ ಪಟ್ಟಣಗಳಲ್ಲೂ ಇಲ್ಲವೆನ್ನುವಂತಿಲ್ಲ. ಈ ತಾರತಮ್ಯವನ್ನು ತಡೆಯುವ ಸ್ಪಷ್ಟ ಕಾನೂನನ್ನು ಒತ್ತಾಯಿಸುವುದು ನಮ್ಮ ಜನಪ್ರತಿನಿಧಿಗಳ ಹೊಣೆ. ಇಫ್ತಾರ್ ಕೂಟದಲ್ಲಿ ಟೋಪಿ ತೊಡುವುದರಿಂದ ಆ ಹೊಣೆ ತೀರುವುದಿಲ್ಲ.

ಆದರೆ ಬಾಗಿಲು ಮುಚ್ಚುವವರನ್ನು ಖಂಡಿಸುವ ನಾವು, ತೆರೆದಿರುವ ಬಾಗಿಲಿನ ಮುಂದೆ ಹೇಗೆ ನಡೆದುಕೊಳ್ಳುತ್ತಿದ್ದೇವೆ? ಎಂಟುನೂರು ಅತಿಥಿಗಳ ಪಟ್ಟಿಯಲ್ಲಿ ಗೋಡೆಗೆ ಗೋಡೆ ತಾಗಿರುವ ಶೆಟ್ಟರ ಹೆಸರಿಲ್ಲ, ಎದುರು ಮನೆಯ ನಿವೃತ್ತ ಮಾಸ್ತರರ ಹೆಸರಿಲ್ಲ. ಅವರ ಪಾಲಿಗೆ ಬಂದದ್ದು ಗೇಟಿಗೆ ಅಡ್ಡವಾಗಿ ನಿಂತ ಕಾರುಗಳು, ಮಧ್ಯರಾತ್ರಿಯ ಧ್ವನಿವರ್ಧಕ ಮತ್ತು ಮರುದಿನ ಚರಂಡಿಯ ಬದಿಯಲ್ಲಿ ರಾಶಿ ಬಿದ್ದ ಎಲುಬು. ಹತ್ತು ವರ್ಷ ಕಾದು ಪಡೆದ ನೆರೆಯನ್ನು ಒಂದೇ ದಿನದಲ್ಲಿ ಕಳೆದುಕೊಳ್ಳುವ ಜಾಣ್ಮೆ ಇದು. ಮನೆಗೆ ಮೊದಲು ನೆರೆಯವನನ್ನು ನೋಡು ಎಂಬುದು ಅರಬರ ಹಳೆಯ ಗಾದೆ. ಸಾಮಾನು ಸಾಗಿಸುವ ವಾರಕ್ಕೆ ಮೊದಲೇ ಮನೆಯ ಗಂಡಸರೂ ಹೆಂಗಸರೂ ಅಕ್ಕಪಕ್ಕದ ನಾಲ್ಕು ಮನೆಗಳಿಗೆ ಹೋಗಿ ಪರಿಚಯಿಸಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ. ನಾಳೆ ಊರಿನಲ್ಲಿ ಗಲಭೆಯ ಗಾಳಿ ಬೀಸಿದರೆ ನಮ್ಮ ಗೇಟಿನ ಮುಂದೆ ಬಂದು ನಿಲ್ಲಬಲ್ಲವರು ದೂರದ ಅತಿಥಿಗಳಲ್ಲ, ಆ ನಾಲ್ಕು ಮನೆಯವರು.

ಇನ್ನು, ಹೊಸ ವಿಳಾಸಕ್ಕೂ ಒಂದು ಹಕ್ಕಿದೆ: ಮತದಾನದ ಹಕ್ಕು. ಬಿಹಾರದಲ್ಲಿ 2025ರಲ್ಲಿ ನಡೆದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯಲ್ಲಿ, ಆಗಸ್ಟ್ 1ರ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದವು. ಅವುಗಳಲ್ಲಿ ಸುಮಾರು 36 ಲಕ್ಷಕ್ಕೆ ಆಯೋಗ ನೀಡಿದ ಕಾರಣ- ಶಾಶ್ವತವಾಗಿ ಸ್ಥಳಾಂತರಗೊಂಡಿದ್ದಾರೆ ಅಥವಾ ಪತ್ತೆಯಾಗಿಲ್ಲ. ಅಂದರೆ ಮನೆ ಬದಲಾಯಿಸಿ ಪಟ್ಟಿಯಲ್ಲಿ ಬದಲಾಯಿಸದಿರುವುದು ಇನ್ನು ಮುಂದೆ ಬರೇ ಸೋಮಾರಿತನವಲ್ಲ, ಪೌರತ್ವದ ಹಕ್ಕಿಗೇ ಕುತ್ತು. ಸ್ಥಳಾಂತರಗೊಂಡವರು ಸಲ್ಲಿಸಬೇಕಾದುದು ನಮೂನೆ 8. ಪಡಿತರ ಚೀಟಿ, ಆಧಾರ್, ವಿದ್ಯುತ್ ಬಿಲ್ಲಿನ ಹೆಸರು, ಮಕ್ಕಳ ಶಾಲೆಯ ದಾಖಲೆಗಳಲ್ಲೂ ವಿಳಾಸ ಬದಲಾಗಬೇಕು. ದೀಪಾಲಂಕಾರದವನಿಗೆ ಹತ್ತು ಬಾರಿ ಫೋನ್ ಮಾಡುವ ಯುವಕ ಈ ಕೆಲಸಕ್ಕೆ ಒಂದು ದಿನ ಮೀಸಲಿಡಬಾರದೇ?

ಹೀಗೆ ಮಾಡಬೇಕಾದುದನ್ನೆಲ್ಲ ಬಿಟ್ಟವರು ಮಾಡಬೇಕಿಲ್ಲದ ಒಂದನ್ನು ಮಾತ್ರ ಶ್ರದ್ಧೆಯಿಂದ ಮಾಡುತ್ತಾರೆ. ಸಫರ್ ತಿಂಗಳಲ್ಲಿ ಹೊಸ ಮನೆ ಹೊಗಬಾರದು, ಇಂತಹ ದಿನ ನಹಸ್, ಅಡುಗೆಮನೆ ಈ ದಿಕ್ಕಿಗಿದ್ದರೆ ಕೆಡುಕು ಎಂದು ಕೇಳಲು ಊರೂರು ಅಲೆಯುತ್ತಾರೆ. ಸಫರ್‌ನ ಅಪಶಕುನವನ್ನು ಪ್ರವಾದಿವರ್ಯರು(ಸ) ಸ್ಪಷ್ಟ ಮಾತುಗಳಲ್ಲಿ ನಿರಾಕರಿಸಿದ್ದಾರೆ. ಸಹೋದರಿಯ ಪಾಲು ನುಂಗಿದ ಹಣದಿಂದ ಕೊಂಡ ಮನೆಗೆ ಯಾವ ತಿಂಗಳು ತಾನೇ ಶುಭ? ಸ್ವಚ್ಛ ಸಂಪಾದನೆಯ ಮನೆಗೆ ಯಾವ ದಿಕ್ಕು ತಾನೇ ಕೆಡುಕು?

ಈ ವಿಷಯದಲ್ಲಿ ಉಸ್ತಾದರುಗಳ ಮತ್ತು ಜಮಾಅತ್ ಸಮಿತಿಗಳ ಹೊಣೆ ಹಗುರವಲ್ಲ. ಹೊಸ ಮನೆಯಲ್ಲಿ ಮೌಲೂದ್ ಓದಲು, ದುಆ ಮಾಡಲು ಆಹ್ವಾನ ಬಂದಾಗ, 'ಪತ್ರ ಸರಿಯಾಗಿದೆಯೇ, ಸಾಲ ಬರೆದಿಟ್ಟಿದ್ದೀರಾ, ಕೆಲಸದವರ ಬಾಕಿ ತೀರಿಸಿದ್ದೀರಾ?' ಎಂಬ ಮೂರು ಪ್ರಶ್ನೆ ಕೇಳುವ ಧೈರ್ಯವನ್ನು ಉಸ್ತಾದರು ತೋರಲಿ. ಅದು ದುಆಕ್ಕಿಂತ ಕಡಿಮೆಯ ಸೇವೆಯಲ್ಲ. ವರ್ಷದಲ್ಲಿ ಒಂದು ಶುಕ್ರವಾರದ ಖುತ್ಬಾ ಸಾಲದ ದಸ್ತಾವೇಜಿನ ಸೂಕ್ತದ ಮೇಲಿರಲಿ. ಪ್ರತಿ ಮಹಲ್ಲ್ ತನ್ನ ವ್ಯಾಪ್ತಿಯ ವಕೀಲರೊಬ್ಬರನ್ನೂ ದಸ್ತಾವೇಜು ಬರಹಗಾರರೊಬ್ಬರನ್ನೂ ಸೇರಿಸಿ, ಮನೆ ಕೊಳ್ಳುವವರಿಗೆ ಪತ್ರ ಪರಿಶೀಲನೆಯ ವ್ಯವಸ್ಥೆ ಮಾಡಲಿ. ಒಕ್ಕಲಿನ ಊಟದ ಅರ್ಧ ಖರ್ಚನ್ನು ಮಹಲ್ಲಿನ ಬಡ್ಡಿರಹಿತ ಸಾಲನಿಧಿಗೆ ನೀಡುವ ಪದ್ಧತಿಯನ್ನು ಉಳ್ಳವರು ಆರಂಭಿಸಲಿ. ಉಳ್ಳವರು ಆರಂಭಿಸಿದರೆ ಇಲ್ಲದವರ ಮೇಲಿನ ಒತ್ತಡ ತಾನಾಗಿ ಇಳಿಯುತ್ತದೆ. ಇಂದು ಬಡವನು ಸಾಲ ಮಾಡಿ ಊಟ ಹಾಕುತ್ತಿರುವುದು ಆಸೆಯಿಂದಲ್ಲ, ಶ್ರೀಮಂತನು ಹಾಕಿಕೊಟ್ಟ ಅಳತೆಗೋಲಿನ ಭಯದಿಂದ.

ಹೊಸ ಮನೆಗೆ ಹೊರಟಿರುವ ಸಹೋದರ ಸಹೋದರಿಯರಲ್ಲಿ ನಮ್ಮ ವಿನಂತಿ ಇಷ್ಟೆ. ಆಮಂತ್ರಣ ಪತ್ರ ಅಚ್ಚಿಗೆ ಹೋಗುವ ಮೊದಲು ಒಂದು ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತುಕೊಳ್ಳಿ. ಕ್ರಯಪತ್ರವನ್ನು ಮೇಜಿನ ಮೇಲಿಡಿ. ಒಂದು ಬಿಳಿ ಹಾಳೆಯಲ್ಲಿ, ಈ ಮನೆಯಲ್ಲಿ ಯಾರ ಯಾರ ಹಕ್ಕು ಬಾಕಿ ಇದೆ ಎಂದು ಹೆಸರು ಮತ್ತು ಮೊತ್ತ ಸಹಿತ ಬರೆಯಿರಿ. ಆ ಪಟ್ಟಿಯಲ್ಲಿ ಒಂದು ಹೆಸರಾದರೂ ಉಳಿದಿರುವಷ್ಟು ದಿನ ಶಾಮಿಯಾನದವನಿಗೆ ಮುಂಗಡ ಕೊಡಬೇಡಿ. ಪಟ್ಟಿ ಖಾಲಿಯಾದ ದಿನ ಸಲಾಮ್ ಹೇಳಿ ಬಲಗಾಲಿಟ್ಟು ಒಳಹೋಗಿ, ಎರಡು ರಕಅತ್ ನಮಾಝ್ ನಿರ್ವಹಿಸಿ, ನೆರೆಯ ನಾಲ್ಕು ಮನೆಗಳಿಗೆ ಮಾಡಿದ ಅಡುಗೆಯಲ್ಲೇ ಒಂದು ಪಾಲು ಕಳುಹಿಸಿ.